ಈ ಕಾಫಿ ಬೀಜ ಯಾರದ್ದು?

ಬೆಂಗಳೂರಿನಲ್ಲಿ ದಿನಕ್ಕೆ ಮೂರು ಸಲ ಕಾಫಿ ಕುಡಿಯೋರಿಗೂ ಪಾಲಿಬೆಟ್ಟ ಅನ್ನೋ ಹೆಸರು ಅಷ್ಟಾಗಿ ಗೊತ್ತಿರಲ್ಲ. ಗೋಣಿಕೊಪ್ಪ, ಸಿದ್ದಾಪುರ, ಅಮ್ಮತ್ತಿ ಈ ಮೂರರ ನಡುವಿನ ಸಣ್ಣ ಊರು. ಒಂದು ಪೇಟೆ ಬೀದಿ, ಅದು ಮುಗಿದ ಕೂಡಲೇ ತೋಟ. ಸಿಲ್ವರ್ ಓಕ್ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ಆದರೆ ದೇಶದ ತೆರಿಗೆ ಕಾನೂನು ಓದಿದವರನ್ನ ಕೇಳಿ ನೋಡಿ. ಊರಿನ ಹೆಸರು ಗೊತ್ತಿಲ್ಲದಿದ್ದರೂ, ಈ ಊರಿನಲ್ಲಿ ನೆಲೆಯಿದ್ದ ಕಂಪನಿಯ ಹೆಸರು ಅವರಿಗೆ ಗೊತ್ತಿರುತ್ತೆ. 'ಕನ್ಸಾಲಿಡೇಟೆಡ್ ಕಾಫಿ ಲಿಮಿಟೆಡ್ ವರ್ಸಸ್ ಕಾಫಿ ಬೋರ್ಡ್, ಬೆಂಗಳೂರು'. ಸುಪ್ರೀಂ ಕೋರ್ಟ್, 1980. ರಫ್ತಿನ ಮೇಲಿನ ಮಾರಾಟ ತೆರಿಗೆಯ ಮಾತು ಬಂದಾಗಲೆಲ್ಲ ವಕೀಲರು ಈ ತೀರ್ಪನ್ನ ಎತ್ತುತ್ತಲೇ ಬಂದಿದ್ದಾರೆ.

ಆ ಕಂಪನಿಯ ಬೇರು 1922ರಷ್ಟು ಹಿಂದಕ್ಕೆ ಹೋಗುತ್ತೆ. ಬ್ರಿಟಿಷರ ಕಾಲದ ತೋಟಗಳು ಒಂದರೊಳಗೊಂದು ಸೇರಿ ಬೆಳೆದ ಕಂಪನಿ ಅದು. 1990ರ ದಶಕದ ಆರಂಭದಲ್ಲಿ ಟಾಟಾದವರ ಕೈಗೆ ಬಂತು, 2000ದಲ್ಲಿ ಟಾಟಾ ಕಾಫಿ ಅಂತ ಹೆಸರು ಬದಲಾಯಿಸಿಕೊಂಡಿತು, 2024ರ ಜನವರಿ 1ರಿಂದ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ವಿಲೀನವಾಯಿತು. ನೀವು ಸ್ಟಾರ್‌ಬಕ್ಸ್‌ನಲ್ಲಿ ಕೂತು ಕುಡಿಯೋ ಕಾಫಿಗೂ ನಮ್ಮ ಕಡೆಯ ಈ ತೋಟಗಳಿಗೂ ಸಂಬಂಧ ಇದೆ.

ನಾನು ಕಾನೂನು ಓದಿದವನಲ್ಲ. ಪಾಲಿಬೆಟ್ಟದ ಹತ್ತಿರದ ಹಳ್ಳಿಯಲ್ಲಿ ಬೆಳೆದು, ಬಿಇ ಮಾಡಿ, ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಪೇಮೆಂಟ್ ಸಾಫ್ಟ್‌ವೇರ್ ಬರೆಯುತ್ತಾ ಇದ್ದೇನೆ. ನಮ್ಮ ಕೆಲಸದಲ್ಲಿ ದಿನಾ ಎದುರಾಗೋದು ಒಂದೇ ಪ್ರಶ್ನೆ: ಈ ದುಡ್ಡು ಯಾವ ಕ್ಷಣದಲ್ಲಿ ಕಳಿಸಿದವನ ಕೈಬಿಟ್ಟು ಪಡೆದವನದ್ದಾಯಿತು? ಆ ಕ್ಷಣ ಖಚಿತವಾಗದಿದ್ದರೆ ಇಬ್ಬರಲ್ಲಿ ಒಬ್ಬರು ಕಳಕೊಳ್ಳುತ್ತಾರೆ. ಆ ತೀರ್ಪನ್ನ ಓದಿದಾಗ ನನಗೆ ಆಶ್ಚರ್ಯ ಆಗಿದ್ದು ಇದಕ್ಕೇ. ಅಲ್ಲೂ ಇದ್ದದ್ದು ಅದೇ ಪ್ರಶ್ನೆ. ದುಡ್ಡಿನ ಜಾಗದಲ್ಲಿ ಕಾಫಿ, ಅಷ್ಟೇ. ಕಣದಲ್ಲಿ ಒಣಗಿದ ಬೀಜ ಯಾವ ಕ್ಷಣದಲ್ಲಿ ಬೆಳೆದವನದ್ದಲ್ಲದೆ ಹೋಗುತ್ತೆ? ಕೊಡಗಿನ ಕಾಫಿಯ ಎಂಬತ್ತು ವರ್ಷದ ಕಾನೂನಿನ ಇತಿಹಾಸ ಅಂದರೆ ಹೆಚ್ಚುಕಮ್ಮಿ ಈ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳೇ.

ಕಥೆ ಎರಡನೇ ಮಹಾಯುದ್ಧದಿಂದ ಶುರು. ಅಲ್ಲಿಯವರೆಗೆ ನಮ್ಮ ಕಾಫಿ ಹೆಚ್ಚಾಗಿ ಹೋಗುತ್ತಿದ್ದದ್ದು ಯುರೋಪಿಗೆ. ಯುದ್ಧ ಬಂತು, ಹಡಗು ನಿಂತಿತು, ಬೆಲೆ ಬಿತ್ತು. ಬೆಳೆಗಾರರೇ ಸರ್ಕಾರದ ಬಾಗಿಲು ತಟ್ಟಿದರು. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಯ್ದೆ ಬಂತು. ಅದರ ಮೊದಲ ಹೆಸರು ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯ್ದೆ, ಆಮೇಲೆ ಬರೀ ಕಾಫಿ ಕಾಯ್ದೆ ಆಯಿತು. ಕಷ್ಟಕಾಲಕ್ಕೆ ಅಂತ ಬಂದ ಏರ್ಪಾಡು, ಕಷ್ಟ ಕಳೆದ ಮೇಲೂ ಐವತ್ತು ವರ್ಷ ಉಳಿಯಿತು.

ಏರ್ಪಾಡು ಏನಪ್ಪಾ ಅಂದರೆ, ಕಾಫಿ ಬೆಳೆಯುವ ಜಮೀನಿನ ಮಾಲೀಕ ನೋಂದಣಿ ಮಾಡಿಸಬೇಕು. ಮನೆ ಖರ್ಚಿಗೆ, ಬಿತ್ತನೆಗೆ ಒಂದಿಷ್ಟು ಇಟ್ಟುಕೊಂಡು ಉಳಿದದ್ದನ್ನ ಬೋರ್ಡಿನ 'ಪೂಲ್'ಗೆ ಒಪ್ಪಿಸಬೇಕು. ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಒಪ್ಪಿಸಿದ ಮೇಲೆ ಆ ಕಾಫಿಯ ಮೇಲೆ ಬೆಳೆಗಾರನಿಗೆ ಉಳಿಯೋದು ಒಂದೇ ಹಕ್ಕು: ಬೋರ್ಡು ಕೊಟ್ಟಾಗ ದುಡ್ಡು ತಗೊಳ್ಳುವ ಹಕ್ಕು. ಯಾರಿಗೆ ಮಾರಬೇಕು, ಯಾವಾಗ ಮಾರಬೇಕು, ಎಷ್ಟಕ್ಕೆ ಮಾರಬೇಕು ಅನ್ನೋ ಯಾವುದೂ ಅವನ ಕೈಲಿಲ್ಲ. ತನ್ನ ಕಾಫಿಯನ್ನ ತಾನೇ ಮಾರಿದರೆ ಅದು ಅಪರಾಧ.

ದುಡ್ಡು ಹೇಗೆ ಬರುತ್ತಿತ್ತು ಅಂತೀರಾ? ಕಾಫಿಯ ಜಾತಿ, ಗುಣಮಟ್ಟ ನೋಡಿ ಪಾಯಿಂಟ್ ಹಾಕುತ್ತಿದ್ದರು. ಒಂದು ಪಾಯಿಂಟಿಗೆ ಇಷ್ಟು ಅಂತ ಬೋರ್ಡು ಘೋಷಿಸುತ್ತಿತ್ತು. ಅದೂ ಕಂತಿನಲ್ಲಿ. ಕಾಫಿ ಒಪ್ಪಿಸಿದಾಗ ಒಂದಿಷ್ಟು, ಆಮೇಲೆ ಹರಾಜು ನಡೆದಂತೆ ಇನ್ನಷ್ಟು. ಕೊನೇ ಕಂತು ಬರುವ ಹೊತ್ತಿಗೆ ಮುಂದಿನ ಕುಯ್ಲು, ಅದರ ಮುಂದಿನ ಕುಯ್ಲೂ ಮುಗಿದಿರುತ್ತಿತ್ತು. 'ಈ ವರ್ಷ ಮದುವೆ ಮಾಡಬೇಕು ಅಂದ್ರೆ ಎರಡು ವರ್ಷದ ಹಿಂದಿನ ಕಾಫಿ ದುಡ್ಡು ಬರಬೇಕಿತ್ತು' ಅಂತ ನಮ್ಮಪ್ಪ ಈಗಲೂ ನಗ್ತಾರೆ. ತಿಂಗಳ ಕೊನೇ ದಿನ ಸಂಬಳ ಖಾತೆಗೆ ಬೀಳದಿದ್ದರೆ ಎಚ್‌ಆರ್‌ಗೆ ಮೇಲ್ ಹಾಕೋ ನಮಗೆ ಆ ಕಾಯುವಿಕೆ ಅರ್ಥ ಆಗೋದು ಸ್ವಲ್ಪ ಕಷ್ಟ.

ಹಾಗಂತ ಪೂಲ್ ಅನ್ನೋದು ಬರೀ ಕೆಟ್ಟದ್ದು ಅಂತ ತಳ್ಳಿಹಾಕೋಕೂ ಆಗಲ್ಲ. ಮೂರು ಎಕರೆ ಇದ್ದವನ ಕಾಫಿಯನ್ನೂ ಮುನ್ನೂರು ಎಕರೆ ಇದ್ದವನ ಕಾಫಿಯನ್ನೂ ಬೋರ್ಡು ಒಂದೇ ತಕ್ಕಡಿಯಲ್ಲಿ ತೂಗುತ್ತಿತ್ತು. ಸಣ್ಣ ಬೆಳೆಗಾರ ವ್ಯಾಪಾರಿಯ ಮುಂದೆ ಚೌಕಾಸಿ ಮಾಡುವ ಪಾಡು ಇರಲಿಲ್ಲ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವೂ ಬೋರ್ಡಿನ ಅಡಿಯಲ್ಲೇ ಬೆಳೆಯಿತು. ಕಾಫಿ ಕುಡಿಯೋ ಅಭ್ಯಾಸ ಬೆಳೆಸೋಕೆ ಅಂತ ತೆರೆದಿದ್ದ ಕಾಫಿ ಹೌಸ್‌ಗಳನ್ನ ಬೋರ್ಡು ಮುಚ್ಚಲು ಹೊರಟಾಗ, ಎ.ಕೆ. ಗೋಪಾಲನ್ ಬೆಂಬಲದಿಂದ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು, ಅದು ಬೆಂಗಳೂರಿನಲ್ಲಿ 1957ರಲ್ಲಿ. ಎಂ.ಜಿ. ರಸ್ತೆಯಿಂದ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂದ ಇಂಡಿಯನ್ ಕಾಫಿ ಹೌಸ್‌ನಲ್ಲಿ ಭಾನುವಾರ ಬೆಳಗ್ಗೆ ದೋಸೆಗೆ ಕಾಯುತ್ತೀರಲ್ಲ, ಅದೂ ಈ ಕಥೆಯದ್ದೇ ಒಂದು ಕೊಂಬೆ.

ಈಗ ಕೋರ್ಟಿಗೆ ಬರೋಣ. ಪೂಲ್‌ಗೆ ಬಂದ ಕಾಫಿಯನ್ನ ಬೋರ್ಡು ಹರಾಜು ಹಾಕುತ್ತಿತ್ತು. ದೇಶದೊಳಗಿನ ಮಾರಾಟಕ್ಕೆ ಒಂದು ಹರಾಜು, ರಫ್ತಿಗೇ ಬೇರೆ ಹರಾಜು. ರಫ್ತು ಹರಾಜಿನಲ್ಲಿ ನೋಂದಾಯಿತ ರಫ್ತುದಾರರಿಗೆ ಮಾತ್ರ ಪ್ರವೇಶ. ಕೊಂಡ ಕಾಫಿಯನ್ನ ನಿಗದಿತ ಅವಧಿಯೊಳಗೆ ಹೊರದೇಶಕ್ಕೆ ಕಳಿಸಲೇಬೇಕು. ಇಲ್ಲದಿದ್ದರೆ ದಂಡ, ಕಾಫಿ ವಾಪಸ್ ಜಪ್ತಿ. ಅಂದಮೇಲೆ ಈ ಹರಾಜೂ ರಫ್ತಿನದ್ದೇ ಭಾಗ ಅಲ್ವಾ? ರಫ್ತಿನ ಹಾದಿಯಲ್ಲಿ ನಡೆಯುವ ಮಾರಾಟಕ್ಕೆ ರಾಜ್ಯಗಳು ತೆರಿಗೆ ಹಾಕುವಂತಿಲ್ಲ ಅಂತ ಸಂವಿಧಾನದ 286ನೇ ವಿಧಿಯೇ ಹೇಳುತ್ತೆ.

1969ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ 'ಅಲ್ಲ' ಅಂದಿತು. ಬೋರ್ಡಿನಿಂದ ರಫ್ತುದಾರನಿಗೆ ಒಂದು ಮಾರಾಟ, ರಫ್ತುದಾರನಿಂದ ವಿದೇಶಿ ಖರೀದಿದಾರನಿಗೆ ಇನ್ನೊಂದು. ರಫ್ತಿನ ಹಾದಿಯದ್ದು ಎರಡನೆಯದು ಮಾತ್ರ, ಮೊದಲನೆಯದಕ್ಕೆ ತೆರಿಗೆ ಬೀಳುತ್ತೆ ಅಂತ. 1975ರಲ್ಲಿ ಒಡಿಶಾದ ಅದಿರು ರಫ್ತಿನ ಸೆರಾಜುದ್ದೀನ್ ಪ್ರಕರಣದಲ್ಲೂ ಕೋರ್ಟು ಇದೇ ಜಾಡು ಹಿಡಿಯಿತು. ರಫ್ತಿಗೆ ಪೆಟ್ಟು ಬೀಳುತ್ತೆ ಅಂತ ಸಂಸತ್ತು ಕೇಂದ್ರ ಮಾರಾಟ ತೆರಿಗೆ ಕಾಯ್ದೆಗೆ 5(3) ಅನ್ನೋ ಉಪಸೆಕ್ಷನ್ ಸೇರಿಸಿತು. 1976ರ ಏಪ್ರಿಲ್ 1ರಿಂದ ಅದು ಲೆಕ್ಕಕ್ಕೆ ಬಂತು. ರಫ್ತಿಗೆ ಮೊದಲಿನ ಕೊನೆಯ ಮಾರಾಟಕ್ಕೂ ವಿನಾಯಿತಿ ಇದೆ, ಆದರೆ ಆ ಮಾರಾಟ ರಫ್ತಿನ ಒಪ್ಪಂದ ಆದ ಮೇಲೆ, ಆ ಒಪ್ಪಂದವನ್ನ ಪೂರೈಸೋಕೆ ಅಂತಲೇ ನಡೆದಿರಬೇಕು.

ಜಗಳ ಎದ್ದದ್ದು ಇಲ್ಲಿ. 'ಆ ಒಪ್ಪಂದ' ಅಂದರೆ ಯಾವ ಒಪ್ಪಂದ? ರಫ್ತು ಮಾಡ್ತೀನಿ ಅಂತ ಬೋರ್ಡಿಗೆ ಬರೆದುಕೊಟ್ಟದ್ದೋ, ವಿದೇಶಿ ಖರೀದಿದಾರನ ಜೊತೆ ಮಾಡಿಕೊಂಡದ್ದೋ? ಪಾಲಿಬೆಟ್ಟದ ಕಂಪನಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದು ಇದಕ್ಕೆ. 1980ರ ಏಪ್ರಿಲ್‌ನಲ್ಲಿ ಉತ್ತರ ಬಂತು: ವಿದೇಶಿ ಖರೀದಿದಾರನ ಜೊತೆಗಿನ ಒಪ್ಪಂದ. ಬೋರ್ಡಿನ ಷರತ್ತು ಎಷ್ಟೇ ಬಿಗಿಯಾಗಿದ್ದರೂ ಅದೊಂದೇ ಸಾಲದು. ಹಾಗಂತ ಕಂಪನಿಗೆ ಪೂರ್ತಿ ಸೋಲೂ ಅಲ್ಲ. ಯಾಕೆಂದರೆ ಕೋರ್ಟು ಇನ್ನೊಂದು ಮಾತನ್ನೂ ಬಿಡಿಸಿ ಹೇಳಿತು. ಹರಾಜಿನಲ್ಲಿ ಸುತ್ತಿಗೆ ಬಡಿದ ತಕ್ಷಣ ಕಾಫಿ ರಫ್ತುದಾರನದ್ದಾಗಲ್ಲ. ಪೂರ್ತಿ ಹಣ ಕಟ್ಟಿ, ಕಾಫಿ ತೂಗಿ, ಅವನ ಪಾಲು ಅಂತ ಬೇರೆ ಎತ್ತಿಟ್ಟಾಗ ಒಡೆತನ ಬದಲಾಗುತ್ತೆ. ಆ ಕ್ಷಣಕ್ಕೆ ಮೊದಲು ವಿದೇಶಿ ಒಪ್ಪಂದ ಕೈಲಿದ್ದರೆ ತೆರಿಗೆ ಇಲ್ಲ.

ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಆರ್ಡರ್ ಹಾಕಿದಾಗ ಅಲ್ಲ, ಟ್ರಾನ್ಸಾಕ್ಷನ್ 'ಕಮಿಟ್' ಆದಾಗ. ಒಂದು ಒಳ್ಳೆಯ ಸ್ಪೆಸಿಫಿಕೇಶನ್ ಓದಿದ ಹಾಗಿದೆ ಆ ಭಾಗ. ಆದರೆ ತೀರ್ಪನ್ನ ಮೊದಲಿಂದ ಕೊನೇವರೆಗೆ ಓದಿ, ಒಬ್ಬರು ಮಾತ್ರ ಅಲ್ಲಿ ಎಲ್ಲೂ ಪಾತ್ರಧಾರಿ ಅಲ್ಲ. ಕಾಫಿ ಬೆಳೆದವರು. ಬೋರ್ಡು, ರಫ್ತುದಾರ, ರಾಜ್ಯ ಸರ್ಕಾರ, ವಿದೇಶಿ ಕಂಪನಿ ಎಲ್ಲರೂ ಇದ್ದಾರೆ. ಬೀಜ ಕೋರ್ಟಿನ ಒಳಗೆ ಬರೋ ಹೊತ್ತಿಗೆ ಬೆಳೆಗಾರನ ಕೈ ತಪ್ಪಿ ಎಷ್ಟೋ ದಿನ ಆಗಿಹೋಗಿತ್ತು.

ಬೆಳೆಗಾರನ ಸರದಿ ಬಂದದ್ದು 1988ರಲ್ಲಿ. ಈ ಸಲ ಕಾಫಿ ಬೋರ್ಡೇ ಮೇಲ್ಮನವಿದಾರ, ಎದುರಿಗೆ ಕರ್ನಾಟಕದ ವಾಣಿಜ್ಯ ತೆರಿಗೆ ಆಯುಕ್ತರು. ರಾಜ್ಯದ ವಾದ ಸರಳ. ಬೋರ್ಡು ಬೆಳೆಗಾರರಿಂದ ಕಾಫಿ ಕೊಳ್ಳುತ್ತೆ, ಆದ್ದರಿಂದ ಖರೀದಿ ತೆರಿಗೆ ಕಟ್ಟಬೇಕು. ಬೋರ್ಡಿನ ಉತ್ತರ: ನಾವು ಕೊಳ್ಳುತ್ತಿಲ್ಲ ಸ್ವಾಮಿ, ಕಾನೂನು ಬೆಳೆಗಾರರಿಂದ ಕಡ್ಡಾಯವಾಗಿ ತೆಗೆದುಕೊಂಡು ನಮಗೆ ಕೊಡಿಸುತ್ತಿದೆ. ಒಪ್ಪಿಗೆ ಇಲ್ಲದ ಕಡೆ ಮಾರಾಟ ಎಲ್ಲಿಂದ ಬಂತು? ನಾವು ಬರೀ ಅವರ ಪರವಾಗಿ ನೋಡಿಕೊಳ್ಳುವವರು.

ಈ ವಾದ ಓದುವಾಗ ಒಂದು ವಿಚಿತ್ರ ಗಮನಕ್ಕೆ ಬರುತ್ತೆ. ಬೆಳೆಗಾರನಿಗೆ ಆಯ್ಕೆಯೇ ಇಲ್ಲ ಅನ್ನೋ ಸತ್ಯವನ್ನ ದೇಶದ ಅತಿದೊಡ್ಡ ಕೋರ್ಟಿನಲ್ಲಿ ನಿಂತು ಹೇಳಿದ್ದು, ಆ ಆಯ್ಕೆಯನ್ನ ಕಿತ್ತುಕೊಂಡಿದ್ದ ಬೋರ್ಡೇ! ಅದೂ ತೆರಿಗೆ ತಪ್ಪಿಸೋಕೆ.

ನ್ಯಾಯಮೂರ್ತಿ ಸಬ್ಯಸಾಚಿ ಮುಖರ್ಜಿ ಬರೆದ ತೀರ್ಪು ಅದನ್ನ ಒಪ್ಪಲಿಲ್ಲ. ಕಾಫಿ ಬೆಳೆಯಿರಿ ಅಂತ ಯಾರೂ ಬಲವಂತ ಮಾಡಿಲ್ಲ, ಬೆಳೆದರೆ ಬೋರ್ಡಿಗೇ ಕೊಡಬೇಕು ಅಂತ ಗೊತ್ತಿದ್ದೇ ಬೆಳೆದಿದ್ದಾರೆ. ಬೆಲೆ ಸಿಗುತ್ತೆ, ಒಡೆತನ ಬದಲಾಗುತ್ತೆ, ಆದ್ದರಿಂದ ಇದು ಮಾರಾಟವೇ. ಬೋರ್ಡಿಗೆ ಒಪ್ಪಿಸಿದಾಗಲೇ ಮಾರಾಟ ಆಗುತ್ತೆ ಅನ್ನೋ ಮಾತು 1966ರಲ್ಲೇ ಕೇರಳದ ಭವಾನಿ ಟೀ ಪ್ರಕರಣದಲ್ಲಿ ಬಂದಿತ್ತು. ಈಗ ಅದು ಗಟ್ಟಿಯಾಯಿತು. ಕಾನೂನಿನ ತರ್ಕವಾಗಿ ಇದನ್ನ ಒಪ್ಪಬಹುದು. ಕಬ್ಬು, ಸಿಮೆಂಟಿನ ನಿಯಂತ್ರಣದ ಕಾಲದ ತೀರ್ಪುಗಳೂ ಇದೇ ದಾರಿಯಲ್ಲಿದ್ದವು. ಆದರೆ ಅಜ್ಜ ನೆಟ್ಟ ಗಿಡದಲ್ಲಿ ಕುಯ್ಲು ಮಾಡುವ ಮೊಮ್ಮಗನಿಗೆ 'ನೀನು ಒಪ್ಪಿಯೇ ಬೆಳೆದದ್ದು' ಅಂದರೆ ಅವನೇನು ಹೇಳಿಯಾನು? ಕಾಫಿ ಅಂದರೆ ರಾಗಿ ಅಲ್ಲ, ಈ ವರ್ಷ ಬಿಟ್ಟು ಮುಂದಿನ ವರ್ಷ ಬೇರೆ ಹಾಕೋಕೆ. ಗಿಡ ಐವತ್ತು ವರ್ಷ ಬಾಳುತ್ತೆ. ಹಳೇ ಸಾಫ್ಟ್‌ವೇರ್‌ನ 'ಐ ಅಗ್ರೀ' ಬಟನ್ ಒತ್ತಿದವನು ಅಪ್ಪ, ಷರತ್ತು ಪಾಲಿಸಬೇಕಾದವನು ಮಗ.

ಆ ತೆರಿಗೆ ಕೊನೆಗೆ ಯಾರ ತಲೆಗೆ? ಬೋರ್ಡಿಗೆ ಬೇರೆ ಗಂಟು ಇರಲಿಲ್ಲ. ಪೂಲ್ ನಿಧಿಯಲ್ಲಿ ಖರ್ಚು ಕಳೆದು ಉಳಿದದ್ದು ಬೆಳೆಗಾರನಿಗೆ. ಖರ್ಚು ಹೆಚ್ಚಾದರೆ ಪಾಯಿಂಟಿನ ಬೆಲೆ ಕಡಿಮೆ. ಲೆಕ್ಕ ಇಷ್ಟೇ.

ಇದಾದ ಮೇಲೆ ಪೂಲ್ ಹೆಚ್ಚು ದಿನ ನಿಲ್ಲಲಿಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು. 1991ರಲ್ಲಿ ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಬೆಳೆಗಾರರು ಮುಕ್ತ ಮಾರಾಟಕ್ಕೆ ಪಟ್ಟು ಹಿಡಿದರು. 1992ರಲ್ಲಿ ಬೆಳೆಯ ಶೇ. 30ರಷ್ಟನ್ನ ದೇಶದೊಳಗೆ ತಾವೇ ಮಾರಲು ಅನುಮತಿ ಸಿಕ್ಕಿತು, ಆಮೇಲಿನ ವರ್ಷಗಳಲ್ಲಿ ಆ ಪಾಲು ಏರುತ್ತಾ ಹೋಯಿತು. 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ತಿ ಸ್ವಾತಂತ್ರ್ಯ. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡ ಸುಟ್ಟು, ಜಗತ್ತಿನಲ್ಲೆಲ್ಲ ಬೆಲೆ ಏರಿತ್ತು. ನಮ್ಮ ಕಡೆ ಜೀಪು, ಹೊಸ ಹೆಂಚು, ಮಕ್ಕಳಿಗೆ ಮೈಸೂರು-ಮಂಗಳೂರಿನ ಕಾಲೇಜು ಬಂದದ್ದು ಆ ದುಡ್ಡಿನಲ್ಲೇ. ನನ್ನ ತಲೆಮಾರಿನ ಎಷ್ಟೋ ಎಂಜಿನಿಯರ್‌ಗಳ ಫೀಸಿನ ಹಿಂದೆ ಈ ಕಾನೂನು ಬದಲಾವಣೆ ಇದೆ ಅಂದರೆ ಅತಿಶಯೋಕ್ತಿ ಅಲ್ಲ.

ಸ್ವಾತಂತ್ರ್ಯಕ್ಕೆ ಇನ್ನೊಂದು ಮಗ್ಗುಲೂ ಇತ್ತು. 2000ದ ಆಸುಪಾಸಿನಲ್ಲಿ ಬೆಲೆ ನೆಲಕಚ್ಚಿದಾಗ ಹಿಡಿದುಕೊಳ್ಳೋಕೆ ಪೂಲ್ ಇರಲಿಲ್ಲ. ಪಾಯಿಂಟ್ ಹೋಗಿ 'ಒಟಿ' ಬಂತು, ಅಂದರೆ 50 ಕೆಜಿ ಒಣ ಚೆರ್ರಿಯ ಚೀಲದಿಂದ ಎಷ್ಟು ಕೆಜಿ ಬೀಜ ಬರುತ್ತೆ ಅನ್ನೋ ಲೆಕ್ಕ. ಅಳೆಯುವವನು ಮೊದಲು ಬೋರ್ಡಿನವನು, ಈಗ ವ್ಯಾಪಾರಿ. ಆದರೂ ಊರಲ್ಲಿ ಯಾರನ್ನೇ ಕೇಳಿ, ಹಳೇ ಪೂಲ್ ವಾಪಸ್ ಬರಲಿ ಅನ್ನೋರು ಕಡಿಮೆ. ಬೆಲೆ ಕಡಿಮೆ ಅನ್ನಿಸಿದರೆ ಚೀಲ ಮನೆಯಲ್ಲೇ ಇಟ್ಟುಕೊಂಡು ಕಾಯಬಹುದು. ಆ 'ಕಾಯಬಹುದು' ಅನ್ನೋದೇ ಒಡೆತನ.

ಪ್ರಶ್ನೆ ಅಲ್ಲಿಗೆ ಮುಗಿಯಿತಾ? ಇಲ್ಲ, ವೇಷ ಬದಲಾಯಿಸಿತು. 'ಬೀಜ ಯಾರದ್ದು' ಅನ್ನೋದು ಹೋಗಿ 'ಇದು ಕೃಷಿಯೋ ವ್ಯಾಪಾರವೋ' ಅಂತಾಯಿತು. ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳದ್ದು, ಕೇಂದ್ರದ್ದಲ್ಲ. ಕೊಡಗು 'ಸಿ' ದರ್ಜೆಯ ಪ್ರತ್ಯೇಕ ರಾಜ್ಯವಾಗಿದ್ದಾಗ, 1951ರಲ್ಲೇ ತನ್ನದೇ ಕೃಷಿ ಆದಾಯ ತೆರಿಗೆ ಕಾಯ್ದೆ ಮಾಡಿಕೊಂಡಿತ್ತು. 1956ರಲ್ಲಿ ಮೈಸೂರಿಗೆ ಸೇರಿದ ಮೇಲೆ 1957ರ ಮೈಸೂರು ಕಾಯ್ದೆ ಬಂತು. 'ರೈತರಿಗೆ ತೆರಿಗೆ ಇಲ್ವಲ್ಲ' ಅಂತ ಆಫೀಸಿನಲ್ಲಿ ಚಹಾ ಕುಡಿಯುವಾಗ ಯಾರಾದರೂ ಅಂದಾಗ ನಾನು ಈ ಎರಡು ಇಸವಿಗಳನ್ನ ಹೇಳ್ತೀನಿ.

ಈಗ ಗೆರೆ ಎಳೆಯೋದು ಆದಾಯ ತೆರಿಗೆಯ ನಿಯಮ. ಕೆಲಸ ಬಿಟ್ಟು ಊರಿಗೆ ಹೋಗಿ ಸ್ವಂತ ಕಾಫಿ ಬ್ರ್ಯಾಂಡ್ ಮಾಡ್ತೀನಿ ಅನ್ನೋ ಗೆಳೆಯರು ಇದನ್ನ ಓದಲೇಬೇಕು. ನಿಮ್ಮ ತೋಟದ ಚೆರ್ರಿಯನ್ನ ಒಣಗಿಸಿ ಹಾಗೇ ಮಾರಿದರೆ ಅದು ಕೃಷಿ, ಕೇಂದ್ರದ ಆದಾಯ ತೆರಿಗೆ ಇಲ್ಲ. ಅದನ್ನೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ ಶೇ. 25 ವ್ಯಾಪಾರ ಅಂತ ಲೆಕ್ಕ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಬೇರೆಯವರ ಬೀಜ ಕೊಂಡು ಹುರಿದು ಮಾರಿದರೆ ಪೂರ್ತಿ ವ್ಯಾಪಾರವೇ. ಜಿಎಸ್‌ಟಿಯಲ್ಲೂ ಹಾಗೆ: ಹುರಿಯದ ಬೀಜಕ್ಕೆ ಸೊನ್ನೆ, ಹುರಿದದ್ದಕ್ಕೆ ಶೇ. 5. ಇನ್‌ಸ್ಟಂಟ್ ಕಾಫಿಗೆ ಇದ್ದ ಶೇ. 18 ಮಾತ್ರ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು.

ಮೇಲ್ನೋಟಕ್ಕೆ ಇದು ನ್ಯಾಯವಾಗೇ ಇದೆ. ಯಂತ್ರದ ಕೆಲಸ ಹೆಚ್ಚಿದಷ್ಟೂ ವ್ಯಾಪಾರದ ಪಾಲು ಹೆಚ್ಚು. ಆದರೆ ಇದರ ಪರಿಣಾಮ ನೋಡಿ. ನಾಲ್ಕು ಎಕರೆಯ ರೈತ ಲೆಕ್ಕಪತ್ರ, ಆಡಿಟರ್, ರಿಟರ್ನ್ ಯಾವುದರ ತಂಟೆಯೂ ಬೇಡ ಅಂದುಕೊಂಡರೆ ಚೆರ್ರಿಯನ್ನೇ ಮಾರಿಬಿಡುತ್ತಾನೆ. ಲಾಭದ ದೊಡ್ಡ ಪಾಲು ಇರೋದು ಅದರ ಮುಂದಿನ ಹಂತಗಳಲ್ಲಿ. ಅತ್ತ ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಳಿದ ರೈತರಿಗಿರುವ ಉಚಿತ ವಿದ್ಯುತ್ ನಮಗೂ ಕೊಡಿ ಅನ್ನೋದು ಕಾಫಿ ಬೆಳೆಗಾರರ ಎಷ್ಟೋ ವರ್ಷದ ಬೇಡಿಕೆ. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ರೊಬಸ್ಟಾಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡಲೇಬೇಕು. ಆಗ ಮಾತ್ರ ಇವರು ರೈತರಲ್ಲ, 'ಪ್ಲಾಂಟರು'. ಎರಡು ಸಾವಿರ ಎಕರೆಯ ಕಂಪನಿಗೂ ಎರಡು ಎಕರೆಯ ಮನೆಗೂ ಒಂದೇ ಪದ ಬಳಸಿದರೆ ಆಗೋದೇ ಹೀಗೆ.

ಇದೆಲ್ಲದರ ಮೇಲೆ ಈಗ ಯುರೋಪಿನಿಂದ ಹೊಸ ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. 2023ರಲ್ಲಿ ಬಂದ ಈ ನಿಯಮದ ಜಾರಿ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. ಬೀಜ ಯಾವ ತುಂಡು ಜಮೀನಿನದ್ದು ಅಂತ ಅಕ್ಷಾಂಶ-ರೇಖಾಂಶ ಕೊಡಬೇಕು. 4 ಹೆಕ್ಟೇರ್‌ಗಿಂತ ದೊಡ್ಡದಾದರೆ ಜಮೀನಿನ ಸುತ್ತಲಿನ ಗಡಿಯನ್ನೇ ಗುರುತಿಸಿ ಕೊಡಬೇಕು, ಸಣ್ಣದಾದರೆ ಒಂದು ಬಿಂದು ಸಾಕು. ನೆರಳಿನ ಕೆಳಗೆ, ಮರ ಉಳಿಸಿಕೊಂಡು ಬೆಳೆಯುವ ಕೊಡಗಿಗೆ ಇದು ವರವೂ ಆಗಬಹುದು. ಆದರೆ ಕೇಳುವವರು 'ಈ ಜಮೀನು ಕಾನೂನು ಪ್ರಕಾರ ಯಾರದ್ದು' ಅಂತಲೂ ಕೇಳ್ತಾರೆ. ಜಮ್ಮಾ ಹಿಡುವಳಿಯಲ್ಲಿ ಪಹಣಿ ಪಟ್ಟೆದಾರರ ಹೆಸರಿನಲ್ಲಿ, ಉಳುಮೆ ಅಣ್ಣತಮ್ಮಂದಿರ ನಡುವೆ ಮಾತಿನಲ್ಲೇ ಹಂಚಿಕೆಯಾಗಿರುವ ಮನೆಗಳು ನಮ್ಮಲ್ಲಿ ಎಷ್ಟಿವೆ! ಮೊಬೈಲ್‌ನಲ್ಲಿ ಬಿಂದು ಗುರುತಿಸೋದು ಐದು ನಿಮಿಷದ ಕೆಲಸ. ಆ ಬಿಂದುವಿನ ಮುಂದೆ ಯಾರ ಹೆಸರು ಬರೆಯೋದು ಅನ್ನೋದು ಮೂರು ತಲೆಮಾರಿನ ಮಾತು.

1942ರ ಕಾಯ್ದೆಯ ಬದಲಿಗೆ ಹೊಸ ಕಾಯ್ದೆ ತರಲು ಕೇಂದ್ರ ವಾಣಿಜ್ಯ ಸಚಿವಾಲಯ 2022ರಲ್ಲಿ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. ಇಂಥ ಕರಡುಗಳು ಇಂಗ್ಲಿಷಿನಲ್ಲಿ ಪಿಡಿಎಫ್ ಆಗಿ ಬರುತ್ತವೆ, ಕೆಲವೇ ದಿನ ಗಡುವು ಇರುತ್ತೆ. ತೋಟದಲ್ಲಿರುವವರಿಗೆ ಕುಯ್ಲಿನ ಕಾಲದಲ್ಲಿ ಅದನ್ನ ಓದಲು ಪುರುಸೊತ್ತು ಎಲ್ಲಿ? ಓದೋಕೆ ಬರುವ, ಷರತ್ತುಗಳಲ್ಲಿ ಅಡಗಿದ ತಪ್ಪು ಹುಡುಕಿ ಅಭ್ಯಾಸ ಇರುವ ಮಕ್ಕಳು ನಾವು, ಬೆಂಗಳೂರಿನಲ್ಲಿ ಕೂತಿದ್ದೇವೆ. ಮುಂದಿನ ಸಲ ಕರಡು ಬಂದಾಗ ಒಂದು ಸಂಜೆ ಕೊಟ್ಟು ಓದಿ, ಮನೆಗೆ ಫೋನ್ ಮಾಡಿ ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಹೇಳಿ, ಅವರು ಅನ್ನೋದನ್ನ ಬರೆದು ಕಳಿಸಿ. ಓದುವಾಗ ಹುಡುಕಬೇಕಾದ್ದು ಬಹಳ ಇಲ್ಲ. ಈ ಪ್ರಕಾರ ಬೀಜ ಯಾವ ಕ್ಷಣದವರೆಗೆ ಬೆಳೆದವನದ್ದು, ಆ ಕ್ಷಣವನ್ನ ನಿರ್ಧರಿಸೋದು ಯಾರು, ಅಷ್ಟು ನೋಡಿದರೆ ಸಾಕು.